ಬಾವಲಿ ಮರಗಳ ಲೆಕ್ಕ: ಸಂಜೆ ಎಣಿಕೆಯೋ, ಡಿಟೆಕ್ಟರೋ, ಊರವರ ಮಾತೋ?

ಸಕಲೇಶಪುರ, ಮೂಡಿಗೆರೆ ಕಡೆ ದೊಡ್ಡ ಹಣ್ಣುಬಾವಲಿ ಎಲ್ಲೆಲ್ಲಿದೆ ಎಂದು ದಾಖಲಿಸಲು ಯಾವ ದಾರಿ ಹಿಡಿಯಲಿ ಎಂದು ಕೇಳಿದ್ದೀರಿ. ಡಿಟೆಕ್ಟರ್‌ಗೆ, ಅಂದರೆ ನಮ್ಮ ಕಿವಿಗೆ ಕೇಳದ ಬಾವಲಿ ಕೂಗನ್ನು ಹಿಡಿಯುವ ಯಂತ್ರಕ್ಕೆ, ಹಣ ಸುರಿಯುವ ಮೊದಲು ಒಂದು ಮಾತು: ಈ ಬಾವಲಿ ಕಣ್ಣು, ಮೂಗು ನಂಬಿ ಹಾರುತ್ತದೆ, ಕೂಗಿ ಅದರ ಪ್ರತಿಧ್ವನಿಯಿಂದ ದಾರಿ ಕಂಡುಕೊಳ್ಳುವುದಿಲ್ಲ. ಯಂತ್ರಕ್ಕೆ ಸಿಗುವುದು ಕೀಟ ತಿನ್ನುವ ಸಣ್ಣ ಬಾವಲಿಗಳು. ನಿಮಗೆ ಅವೇ ಬೇಕಿದ್ದರೆ ಕೊಳ್ಳಿ.

ಸಂಜೆ ಎಣಿಕೆಗೆ ಖರ್ಚಿಲ್ಲ. ಹಿಂಡು ಆಲದ ಮರ ಬಿಟ್ಟು ಹೊರಡುವಾಗ ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಿದರೆ ಸಂಖ್ಯೆಯನ್ನು ನಂಬಬಹುದು. ಆದರೆ ಒಂದು ಸಂಜೆಗೆ ಒಂದೇ ಮರ. ಮಲೆನಾಡಿನ ಮಳೆಗಾಲದಲ್ಲಿ ಅದೂ ಕಷ್ಟ. ಹಣ್ಣಿನ ಕಾಲಕ್ಕೆ ತಕ್ಕಂತೆ ಬಾವಲಿಗಳು ಜಾಗ ಬದಲಿಸುವುದರಿಂದ ಖಾಲಿ ಮರವನ್ನೂ ಬರೆದಿಡಬೇಕು.

ಎರಡು ಜಿಲ್ಲೆಗಳ ನಕ್ಷೆ ಬೇಕಿದ್ದರೆ ತೋಟದ ಕೆಲಸಗಾರರನ್ನು ಕೇಳುವುದೇ ಬೇಗ. ಅವರು ಹೇಳುವ ಸಂಖ್ಯೆ ಉಬ್ಬಿರಬಹುದು, ಮರದ ವಿಳಾಸ ತಪ್ಪುವುದು ಕಡಿಮೆ. ಹೋಗಿ ದಿನಾಂಕದೊಂದಿಗೆ ಚಿತ್ರ ತೆಗೆದುಕೊಳ್ಳಿ.