ನನ್ನ ಎರಡು ಅಬ್ಲೇಶನ್, ಅಣ್ಣನ ಒಂದು ಮೇಜ್ ಆಪರೇಷನ್

ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲ್ಕೋಣೆಗಳು ಲಯ ತಪ್ಪಿ ಮಿಡಿಯುವ ಕಾಯಿಲೆ, ನನಗೂ ಇದೆ, ಅಣ್ಣನಿಗೂ ಇದೆ. ನಾನು ಕ್ಯಾತಿಟರ್ ದಾರಿ ಹಿಡಿದೆ. ಅವನಿಗೆ ಎದೆ ತೆರೆದು ಮಾಡಿದರು.

ನನ್ನದರಲ್ಲಿ ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರ್ ಅನ್ನುವ ತೆಳ್ಳನೆಯ ಕೊಳವೆಯನ್ನು ಹೃದಯದವರೆಗೆ ತೂರಿಸಿದರು. ಶ್ವಾಸಕೋಶದ ರಕ್ತನಾಳಗಳು ಹೃದಯದ ಎಡ ಮೇಲ್ಕೋಣೆಗೆ ಬಂದು ಸೇರುವಲ್ಲಿ, ಸುತ್ತಲೂ ಸುಟ್ಟು ಬೇಲಿ ಹಾಕಿದರು. ಅಬ್ಲೇಶನ್ ಅಂದರೆ ಇದೇ. ತಪ್ಪು ಮಿಡಿತ ಹೆಚ್ಚಾಗಿ ಹುಟ್ಟುವುದು ಅಲ್ಲಿಂದಲೇ ಅಂತ 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ತೋರಿಸಿದ್ದರು. ನನಗೆ ಎದೆ ನೋಯಲಿಲ್ಲ, ಬೆನ್ನು ನೋಯಿತು. ಆರು ಗಂಟೆ ಕಾಲು ಮಡಚದೆ ಮಲಗಿದ್ದೆ ಅಲ್ವಾ! ಮರುದಿನ ಮನೆಗೆ ಬಂದೆ, ತೊಡೆಯಲ್ಲಿ ಅಂಗೈಯಗಲ ನೀಲಿ ಕಲೆ.

ಹತ್ತನೇ ರಾತ್ರಿ ಮತ್ತೆ ಶುರುವಾಯಿತು. ನಾಡಿ ಹಿಡಿದು ನೋಡಿದೆ. ಎರಡು ಬಡಿತ, ಒಂದು ಖಾಲಿ, ಆಮೇಲೆ ಗಡಿಬಿಡಿಯಲ್ಲಿ ಮೂರು. ಮಾಡಿಸಿದ್ದೆಲ್ಲ ನೀರುಪಾಲು ಅಂದುಕೊಂಡು ಬೆಳಗಿನವರೆಗೂ ಕೂತಿದ್ದೆ. ಸುಟ್ಟ ಜಾಗ ಮಾಗುವ ಮೊದಲ ಎರಡು ಮೂರು ತಿಂಗಳು ಹೀಗಾಗುವುದುಂಟು, ಅದನ್ನು ಸೋಲು ಅಂತ ಲೆಕ್ಕ ಹಿಡಿಯುವುದಿಲ್ಲ. ಡಿಸ್ಚಾರ್ಜ್ ದಿನ ಈ ಒಂದು ಮಾತನ್ನು ಯಾರೂ ಹೇಳಲಿಲ್ಲ. ನನ್ನ ದೊಡ್ಡ ದೂರು ಇದೇ.

ಎಂಟನೇ ತಿಂಗಳಲ್ಲಿ ಮಾತ್ರ ನಿಜವಾಗಿಯೇ ಮರಳಿ ಬಂತು. ಪಕ್ಕೆಲುಬಿನ ನಡುವೆ ಸಣ್ಣ ತೂತು ಹಾಕಿ ಸರ್ಜರಿ ಮಾಡಬಹುದು, ಇಲ್ಲ ಇನ್ನೊಮ್ಮೆ ಕ್ಯಾತಿಟರ್ ಅಂದರು. ಈ ಎರಡನ್ನೂ ಹೋಲಿಸಿದ ಫಾಸ್ಟ್ ಅಧ್ಯಯನ 2012ರಲ್ಲಿ ಬಂದಿದೆ. ಅದರಲ್ಲಿದ್ದವರು 124 ಜನ, ಸುಲಭದ ಕೇಸುಗಳಲ್ಲ. ವರ್ಷದ ನಂತರ ಲಯ ಉಳಿದಿದ್ದು ಸರ್ಜರಿಯವರಲ್ಲಿ ನೂರಕ್ಕೆ ಸುಮಾರು 65, ಕ್ಯಾತಿಟರ್‌ನವರಲ್ಲಿ 36. ಆದರೆ ತೊಂದರೆಗಳೂ ಸರ್ಜರಿಯಲ್ಲಿ ಎರಡು ಪಟ್ಟು ಜಾಸ್ತಿ. ನಾನು ಹೆದರುಪುಕ್ಕಲ, ಕ್ಯಾತಿಟರ್ ಅಂದೆ. ಈ ಸಲ ನಿಂತಿದೆ.

ಅಣ್ಣನ ಹೃದಯದ ಮೈಟ್ರಲ್ ವಾಲ್ವ್ (ಎಡಗಡೆಯ ಒಂದು ಕವಾಟ) ರಿಪೇರಿಗೆ ಹೇಗೂ ಎದೆ ತೆರೆಯಬೇಕಿತ್ತು. ಜೊತೆಗೇ ಮೇಜ್ ಮುಗಿಸಿದರು. 1987ರಲ್ಲಿ ಅಮೆರಿಕದ ಜೇಮ್ಸ್ ಕಾಕ್ಸ್ ಮೊದಲು ಮಾಡಿದ ಆಪರೇಷನ್ ಇದು. ಮೇಲ್ಕೋಣೆಯಲ್ಲಿ ಗಾಯದ ಗೆರೆ ಎಳೆದು, ವಿದ್ಯುತ್ತು ಅಡ್ಡಾದಿಡ್ಡಿ ಓಡದಂತೆ ದಾರಿ ಕಟ್ಟುತ್ತಾರೆ. ರಕ್ತ ಹೆಪ್ಪುಗಟ್ಟುವ ಎಡಗಡೆಯ ಸಣ್ಣ ಚೀಲವನ್ನೂ ಮುಚ್ಚಿದರು. ಲಯ ಅಂದಿನಿಂದ ಸರಿಯಿದೆ. ಆದರೆ ಕೆಮ್ಮು ಬಂದಾಗಲೆಲ್ಲ ದಿಂಬನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚುತ್ತಿದ್ದ. ಎದೆಮೂಳೆ ಕೂಡುವವರೆಗೆ ಭಾರ ಎತ್ತುವಂತಿರಲಿಲ್ಲ.

ಎದೆ ಹೇಗೂ ತೆರೆಯುತ್ತಾರೆ ಅಂದರೆ ಮೇಜ್ ಬಗ್ಗೆ ತಪ್ಪದೆ ಕೇಳಿ. ಬರೀ ಲಯಕ್ಕೆ ಅಂತಲೇ ಎದೆ ಸೀಳಿಸಿಕೊಳ್ಳಲು ನಾನಂತೂ ಒಪ್ಪುತ್ತಿರಲಿಲ್ಲ. ಇನ್ನೊಂದು, ಲಯ ಸರಿಹೋಯಿತು ಅಂತ ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ಸುಮ್ನೆ ಬಿಡಬೇಡಿ. ಅದನ್ನು ನಿರ್ಧರಿಸುವುದು ಪಾರ್ಶ್ವವಾಯುವಿನ ಅಪಾಯ ನೋಡಿ. ನಾವಿಬ್ಬರೂ ಇನ್ನೂ ನುಂಗುತ್ತಿದ್ದೇವೆ.