ಎ-ಟೀಮ್ ಹಳೇ ಕಾಮಿಕ್ಸ್ ಅಂತ ಕಲರ್ ಜೆರಾಕ್ಸ್ ಮಾರುತ್ತಿದ್ದಾರೆ, ತುಮಕೂರು, ಕೋಲಾರ ಕಡೆಯವರು ಹುಷಾರ್

ಮೊದಲೇ ಹೇಳಿಬಿಡುತ್ತೇನೆ. "ಸರಿಯಾಗಿ ನೋಡಿ ತಗೋಬೇಕಿತ್ತು" ಅಂತ ಯಾರೂ ಬರೆಯಬೇಡಿ. ಆ ಮಾತು ಮನೆಯಲ್ಲೇ ಬೇಕಾದಷ್ಟು ಕೇಳಿಯಾಗಿದೆ. ನೋಡುವುದಕ್ಕೇ ಬಿಡದ ಹಾಗೆ ಅವನು ಎಲ್ಲಾ ಸಿದ್ಧ ಮಾಡಿಕೊಂಡು ಬಂದಿದ್ದ. ಅದಕ್ಕೇ ಇದನ್ನು ಬರೆಯುತ್ತಿರುವುದು.

ಎ-ಟೀಮ್ ಗೊತ್ತಲ್ವಾ? 1983ರಿಂದ 1987ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಸೀರಿಯಲ್. ಮಾಡದ ತಪ್ಪಿಗೆ ಶಿಕ್ಷೆಯಾಗಿ, ಜೈಲಿನಿಂದ ತಪ್ಪಿಸಿಕೊಂಡ ವಿಯೆಟ್ನಾಂ ಯುದ್ಧದ ಸೈನಿಕರ ಕಥೆ. ಕೆಂಪು ಪಟ್ಟೆಯ ಕಪ್ಪು ವ್ಯಾನು, ಸಿಗಾರ್ ಕಚ್ಚಿಕೊಂಡ ಹ್ಯಾನಿಬಲ್, ಕೊರಳ ತುಂಬ ಚಿನ್ನದ ಸರ ಹಾಕಿದ ಮಿಸ್ಟರ್ ಟಿ. ಅಷ್ಟೊಂದು ಗುಂಡು ಹಾರಿಸುತ್ತಿದ್ದರು, ಸಾಯುವವರು ಮಾತ್ರ ಅಪರೂಪ. ನಮ್ಮ ಮಾವ ದುಬೈನಿಂದ ತಂದ ವಿಡಿಯೋ ಕ್ಯಾಸೆಟ್‌ಗಳಲ್ಲಿ ನಾನು ನೋಡಿದ್ದು. ಟೇಪು ಸವೆಯುವವರೆಗೂ ನೋಡಿದ್ದೇನೆ.

ಅದನ್ನು ಮಾರ್ವೆಲ್‌ನವರು 1984ರಲ್ಲಿ ಕಾಮಿಕ್ಸ್ ಮಾಡಿದರು. ಮೂರೇ ಸಂಚಿಕೆ. ಮಾರ್ಚ್, ಏಪ್ರಿಲ್, ಮೇ, ಮುಗಿಯಿತು. ಆಗಿನ ಬೆಲೆ 60 ಸೆಂಟ್. ಅಮೆರಿಕದಲ್ಲಿ ಇವತ್ತಿಗೂ ಅದೇನು ಲಕ್ಷಗಟ್ಟಲೆ ಬೆಲೆಬಾಳುವ ಪುಸ್ತಕ ಅಲ್ಲ. ಆದರೆ ಇಲ್ಲಿಗೆ ತರಿಸಬೇಕೆಂದರೆ ಪುಸ್ತಕಕ್ಕಿಂತ ಪೋಸ್ಟೇಜೇ ಜಾಸ್ತಿ, ಅದರ ಮೇಲೆ ಕಸ್ಟಮ್ಸ್. ಹಾಗಾಗಿ ನಮ್ಮ ಕಡೆ ಯಾರಾದರೂ ಮಾರುತ್ತಾರೆ ಅಂದರೆ ನಮ್ಮಂಥ ಹುಚ್ಚರು ಓಡಿಹೋಗುತ್ತೇವೆ. ಈ ಕಳ್ಳರಿಗೆ ಅದು ಚೆನ್ನಾಗಿ ಗೊತ್ತು.

ಹಳೇ ಪುಸ್ತಕದ ವಾಟ್ಸಾಪ್ ಗ್ರೂಪಿನಲ್ಲಿ ಮೂರೂ ಸಂಚಿಕೆಯ ಫೋಟೋ ಬಂತು. 6,000 ಅಂದ. ಚೌಕಾಸಿ ಮಾಡಿ 4,800ಕ್ಕೆ ಬಂದ. ಕೋಲಾರದವನಂತೆ. "ಕೆಜಿಎಫ್‌ನಲ್ಲಿ ನಮ್ಮ ತಾತನ ಮನೆ ಖಾಲಿ ಮಾಡ್ವಾಗ ಟ್ರಂಕಲ್ಲಿ ಸಿಕ್ತು ಅಣ್ಣ. ತಾತ ಗಣಿಯಲ್ಲಿ ಇದ್ರು." ಕೆಜಿಎಫ್ ಅಂದ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ? ಅಲ್ಲಿ ಆಂಗ್ಲೋ ಇಂಡಿಯನ್ ಮನೆಗಳಿದ್ದವು, ಹೊರದೇಶದಲ್ಲಿ ನೆಂಟರಿದ್ದವರಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಎಷ್ಟೋ ಕುಟುಂಬ ಊರು ಬಿಟ್ಟವು. ಅಂಥ ಮನೆಯ ಟ್ರಂಕಲ್ಲಿ ಇಂಗ್ಲಿಷ್ ಕಾಮಿಕ್ಸ್ ಇರುವುದು ನಂಬುವಂಥ ಮಾತೇ. ಸುಳ್ಳು ಹೇಳುವುದಕ್ಕೂ ಓದಿಕೊಂಡಿದ್ದಾನೆ ನನ್ಮಗ.

ಕೊರಿಯರ್ ಬೇಡ, ಕೈಯಿಂದ ಕೈಗೆ ಕೊಡುತ್ತೇನೆ ಅಂದ. ಅಲ್ಲೇ ನನಗೆ ಪೂರ್ತಿ ನಂಬಿಕೆ ಬಂದದ್ದು. ಮೋಸ ಮಾಡುವವನು ಮುಖ ತೋರಿಸುತ್ತಾನಾ? ತೋರಿಸುತ್ತಾನೆ ಸ್ವಾಮಿ, ತೋರಿಸುತ್ತಾನೆ. ಬಂದು, ಎದುರಿಗೆ ಕೂತು, ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿಂದು, ಇನ್ನೊಂದು ಪ್ಲೇಟ್ ಹೇಳಿ, ಬೆಣ್ಣೆ ಜಾಸ್ತಿ ಹಾಕಿಸಿಕೊಂಡು ಹೋಗುತ್ತಾನೆ. ಬಿಲ್ ಕೊಟ್ಟದ್ದೂ ನಾನೇ.

ಪುಸ್ತಕಗಳು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿದ್ದವು. ಹಿಂದೆ ಬಿಳಿ ರಟ್ಟು, ಬಾಯಿಗೆ ಟೇಪು. ಕಾಮಿಕ್ಸ್ ಕೂಡಿಡುವವರು ಹೀಗೇ ಇಡುವುದು, ಅದರಲ್ಲಿ ಅನುಮಾನ ಪಡುವಂಥದ್ದೇನೂ ಇಲ್ಲ. ನಾನು ಟೇಪಿಗೆ ಉಗುರು ಹಾಕಿದೆ. ತಕ್ಷಣ ಕೈ ಹಿಡಿದುಕೊಂಡ.

"ಅಯ್ಯೋ ಅಣ್ಣ, ಇಲ್ಲಿ ಬೇಡ! ಚಟ್ನಿ ಕೈ. ನಲವತ್ತು ವರ್ಷದ ಪೇಪರ್ ಅಣ್ಣ, ಹಿಂಗೆ ಎಳೆದ್ರೆ ಅಂಚು ಉದುರಿ ಹೋಗುತ್ತೆ. ಮನೇಗೋಗಿ ನಿಧಾನಕ್ಕೆ ತೆಗೀರಿ."

ಇದರಲ್ಲಿ ಅರ್ಧ ನಿಜ ಇದೆ, ಅದೇ ನೋಡಿ ಹೊಟ್ಟೆ ಉರಿಯುವುದು. ಆ ಕಾಲದ ಕಾಮಿಕ್ಸ್ ಅಚ್ಚಾಗುತ್ತಿದ್ದದ್ದು ನ್ಯೂಸ್‌ಪ್ರಿಂಟಿನ ಮೇಲೆ. ವರ್ಷ ಕಳೆದಂತೆ ಹಳದಿಯಾಗುತ್ತೆ, ಅಂಚು ಪುಡಿಯಾಗುತ್ತೆ. ಪುಸ್ತಕದ ಮೇಲೆ ಪ್ರೀತಿ ಇರುವವನು ಹೇಳುವ ಮಾತನ್ನೇ ಹೇಳಿದ. ಕವರಿನ ಮೇಲಿಂದ ನೋಡಿದೆ. ಹಳದಿ ಅಂಚು ಕಾಣಿಸಿತು. ಬೆನ್ನಿನ ಹತ್ತಿರ ಪಿನ್ನಿನ ಸುತ್ತ ತುಕ್ಕಿನ ಕಲೆಯೂ ಕಾಣಿಸಿತು. ಯುಪಿಐನಲ್ಲಿ ದುಡ್ಡು ಹಾಕಿದೆ. "ಥ್ಯಾಂಕ್ಸ್ ಅಣ್ಣ, ಒಳ್ಳೆ ಕೈ ಸೇರ್ತು" ಅಂದ. ಒಳ್ಳೆ ಕೈ!

ಮನೆಗೆ ಬಂದು ಮೊದಲು ಮಾಡಿದ ಕೆಲಸ ಮೂರನ್ನೂ ಸಾಲಾಗಿ ಇಟ್ಟು ಸ್ಟೇಟಸ್ ಹಾಕಿದ್ದು. ಬೆಂಗಳೂರಿನ ಗೆಳೆಯರೆಲ್ಲ "ಎಲ್ಲಿ ಹೊಡೆದೆ ಗುರು" ಅಂತ ಕೇಳಿದರು. ಆಮೇಲೆ ಕೈ ತೊಳೆದು, ಒರೆಸಿಕೊಂಡು, ಟೇಬಲ್ ಮೇಲೆ ಬಟ್ಟೆ ಹಾಸಿ ಟೇಪು ಬಿಡಿಸಿದೆ. ದೇವರ ಮನೆಯಲ್ಲೂ ಅಷ್ಟು ಮಡಿ ಮಾಡಿಲ್ಲ ನಾನು.

ವಾಸನೆ ಬರಲಿಲ್ಲ. ಹಳೇ ಕಾಗದಕ್ಕೆ ಒಂದು ವಾಸನೆ ಇರುತ್ತೆ, ಮೂಗಿಗೆ ಗೊತ್ತಾಗುತ್ತೆ. ಇದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ವಾಸನೆ. ಪುಟ ತಿರುಗಿಸಿದೆ. ಜಾರುತ್ತಿದೆ. ಹಳದಿ ಮಾತ್ರ ಚೆನ್ನಾಗಿದೆ, ಅಂಚಿನಲ್ಲಿ ಗಾಢ, ಒಳಗೆ ತೆಳು, ಹೇಗಿರಬೇಕೋ ಹಾಗೆ. ಪುಸ್ತಕವನ್ನು ಅಡ್ಡ ಹಿಡಿದು ಕತ್ತರಿಸಿದ ಅಂಚನ್ನು ನೋಡಿದೆ. ಬೆಳ್ಳಗಿದೆ. ಹಾಲಿನಷ್ಟು ಬಿಳಿ. ಪುಟದ ಮೇಲಿನ ಹಳದಿ ಅಚ್ಚು ಹಾಕಿದ ಹಳದಿ! ಹಳೇ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಅದರ ಮುಪ್ಪನ್ನೂ ಸೇರಿಸಿ ಪ್ರಿಂಟ್ ತೆಗೆದಿದ್ದಾರೆ.

ನಾನು ಇನ್ನೂ ನಂಬದೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದೆ. ಮಗಳು ಪಕ್ಕದಲ್ಲಿ ಬಂದು ನಿಂತಳು. ಏಳನೇ ಕ್ಲಾಸು. ಪಿನ್ನಿನ ಮೇಲೆ ಬೆರಳು ಇಟ್ಟು ಹೇಳಿದಳು, "ಅಪ್ಪ, ಪಿನ್ನು ಹೊಸದು, ತುಕ್ಕು ಹಳೇದು."

ಪಿನ್ನು ಫಳಫಳ ಹೊಳೆಯುತ್ತಿದೆ. ತುಕ್ಕಿನ ಕಲೆ ಅದಕ್ಕಿಂತ ಅಕ್ಕಿಕಾಳಿನಷ್ಟು ಕೆಳಗೆ, ಕಾಗದದ ಮೇಲೆ ಪ್ರಿಂಟಾಗಿ ಕೂತಿದೆ. ಹೊಸ ಪಿನ್ನು ಹೊಡೆಯುವಾಗ ಆ ಜಾಗಕ್ಕೆ ಸರಿಯಾಗಿ ಹೊಡೆಯುವಷ್ಟು ಶ್ರಮವನ್ನೂ ತಗೊಂಡಿಲ್ಲ. ಮೂರರಲ್ಲೂ ಇದೇ ಕಥೆ. ಹೆಂಡತಿ ಅಡುಗೆಮನೆಯಿಂದ "ಎಷ್ಟು ಕೊಟ್ರಿ?" ಅಂತ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಸ್ಟೇಟಸ್ ಡಿಲೀಟ್ ಮಾಡಿದೆ, ಆದರೆ ನೋಡುವವರೆಲ್ಲ ನೋಡಿಯಾಗಿತ್ತು.

ಅಶೋಕ ರಸ್ತೆಯ ಕಡೆ ಪ್ರಿಂಟಿಂಗ್ ಪ್ರೆಸ್‌ನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಲೆನ್ಸ್ ಇಟ್ಟು ನೋಡಿ ನಕ್ಕುಬಿಟ್ಟ. ಆಗಿನ ಅಚ್ಚಿನಲ್ಲಿ ಬಣ್ಣಕ್ಕೆ ಚುಕ್ಕಿ ಇರುತ್ತಿತ್ತು, ಆದರೆ ಚಿತ್ರದ ಕಪ್ಪು ಗೆರೆ ಮಾತ್ರ ಗಟ್ಟಿ ಕಪ್ಪು, ಅದಕ್ಕೆ ಬೇರೆಯದೇ ಪ್ಲೇಟು. ಇದರಲ್ಲಿ ಮಿಸ್ಟರ್ ಟಿ ಸರಗಳ ಗೆರೆಯೇ ಗುಲಾಬಿ, ನೀಲಿ ಚುಕ್ಕಿಗಳಾಗಿ ಒಡೆದುಹೋಗಿದೆ. "ಪ್ರತಿಗೆ ನೂರು, ನೂರಿಪ್ಪತ್ತು ಖರ್ಚು ಬಿದ್ದಿರುತ್ತೆ ಗುರು, ನಾನೇ ಹಾಕಿ ಕೊಡ್ತಿದ್ನಲ್ಲ" ಅಂದ. ಥ್ಯಾಂಕ್ಸಪ್ಪಾ.

ಈಗ ಅವನ ಉತ್ತರಗಳನ್ನು ಕೇಳಿ. ದುಡ್ಡು ಕೈ ಸೇರುವವರೆಗೆ ನಾನು ಅಣ್ಣ. ಮೊದಲ ಮೆಸೇಜಿಗೇ ಸಾರ್ ಆದೆ.

"ಸಾರ್ ನೀವೇ ನೋಡಿ ಒಪ್ಪಿ ತಗೊಂಡ್ರಿ."

ಟೇಪು ತೆಗೆಯಲು ಬಿಡಲಿಲ್ಲವಲ್ಲ ಅಂದರೆ, "ನಾನು ಕಂಡೀಷನ್ ಹಾಳಾಗಬಾರ್ದು ಅಂತ ಹೇಳ್ದೆ ಸಾರ್, ಒಳ್ಳೇದಕ್ಕೆ." ಯಾವುದರ ಕಂಡೀಷನ್? ಹೋದ ವಾರ ಪ್ರಿಂಟಾದ ಜೆರಾಕ್ಸಿನ ಕಂಡೀಷನ್!

ತುಕ್ಕಿನ ಫೋಟೋ ಕಳಿಸಿದೆ. ಆಗ ಬೇರೆ ರಾಗ. "ಇದು ರೀಪ್ರಿಂಟ್ ಸಾರ್. 2010ರಲ್ಲಿ ಸಿನಿಮಾ ಬಂತಲ್ಲ, ಆಗ ಮತ್ತೆ ಹಾಕಿದ್ರು." ಎದುರಿಗಿರುವವನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದ. 2010ರಲ್ಲಿ ಲಿಯಮ್ ನೀಸನ್ ಹ್ಯಾನಿಬಲ್ ಆಗಿದ್ದ ಸಿನಿಮಾ ಬಂದದ್ದು ನಿಜ, ಆಗ ಕಾಮಿಕ್ಸ್ ಬಂದದ್ದೂ ನಿಜ. ಅದನ್ನು ತಂದದ್ದು ಐಡಿಡಬ್ಲ್ಯು ಅನ್ನುವ ಬೇರೆ ಕಂಪನಿ, ಆ ಸಿನಿಮಾಗೆ ಹೊಂದುವ ಹೊಸ ಕಥೆಗಳು. ನನ್ನ ಕೈಯಲ್ಲಿರುವುದರ ಮೇಲೆ ಮಾರ್ವೆಲ್ ಹೆಸರಿದೆ, 60 ಸೆಂಟ್ ಬೆಲೆ ಇದೆ, 1984 ಅಂತ ಇದೆ. ಇದನ್ನೆಲ್ಲ ಬರೆದು ಕಳಿಸಿದೆ. ತಾತನ ಟ್ರಂಕಿಗೆ 2010ರ ರೀಪ್ರಿಂಟ್ ಹೇಗೆ ಬಂತಪ್ಪಾ ಅಂತಲೂ ಕೇಳಿದೆ.

ಅದಕ್ಕೆ ಒಂದು ವಾಯ್ಸ್ ಮೆಸೇಜ್. ಹಿಂದೆ ಟಿವಿ ಸದ್ದು, ಆರಾಮಾಗಿ ಮಾತಾಡುತ್ತಿದ್ದಾನೆ. "ಏನ್ರೀ ನೀವು, ಓದೋಕೆ ತಾನೇ ತಗೊಂಡಿದ್ದು? ಕಥೆ ಅದೇ ಇದೆ, ಚಿತ್ರ ಅದೇ ಇದೆ, ಒಂದು ಪುಟ ಮಿಸ್ ಆಗಿದ್ರೆ ಹೇಳಿ. ಹಳೇದಾಗಿದ್ರೆ ಹರಿದು ಹೋಗ್ತಿತ್ತು, ಇದು ಗಟ್ಟಿ ಇದೆ." ಅಣ್ಣನಿಂದ ಸಾರ್, ಸಾರ್‌ನಿಂದ ಏನ್ರೀ. ಆ ವಾಯ್ಸ್ ಮೆಸೇಜನ್ನು ಎಷ್ಟು ಸಲ ಕೇಳಿದ್ದೇನೋ, ಕೇಳಿದಾಗೆಲ್ಲ ಮೈ ಉರಿಯುತ್ತೆ. ಗಟ್ಟಿ ಇದೆಯಂತೆ. ಆಮೇಲೆ ಬ್ಲಾಕ್.

ಸ್ಟೇಷನ್‌ಗೂ ಹೋಗಿದ್ದೆ. ಬರೆದುಕೊಂಡರು. ಬರೆದುಕೊಳ್ಳುವ ಮೊದಲು ಒಬ್ಬರು ಪುಸ್ತಕ ತಿರುವಿ ಹಾಕಿ, "ಮಕ್ಕಳ ಪುಸ್ತಕ ಅಲ್ವಾ ಸಾರ್ ಇದು? ನಾಲ್ಕು ಸಾವಿರದ ಎಂಟುನೂರಾ?" ಅಂತ ಕೇಳಿದರು. ಅಲ್ಲಿ ಬೆಂಚಿನ ಮೇಲೆ ಕೂತವರೆಲ್ಲ ನನ್ನ ಕಡೆ ತಿರುಗಿದರು. ಆ ಅವಮಾನಕ್ಕೂ ಅವನಿಂದಲೇ ದುಡ್ಡು ವಸೂಲಿ ಮಾಡಬೇಕು. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಾನು ಅವನ ಉತ್ತರಕ್ಕೆ ಕಾಯುತ್ತಾ ಕೂತೆ.

ತೆಗೆದುಕೊಳ್ಳುವವರು ಇಷ್ಟು ಮಾಡಿ. ಕವರ್ ಅವನ ಕೈಯಿಂದಲೇ, ನಿಮ್ಮ ಕಣ್ಣೆದುರೇ ತೆಗೆಸಿ. ತೆಗೆಯಲ್ಲ ಅಂದರೆ ಎದ್ದು ಬನ್ನಿ, ಇಡ್ಲಿ ಅವನೇ ತಿನ್ನಲಿ, ಬಿಲ್ಲೂ ಅವನೇ ಕೊಡಲಿ. ಪಿನ್ನು ನೋಡಿ. ಪುಟದ ಅಂಚನ್ನು ಅಡ್ಡಲಾಗಿ ನೋಡಿ. ಮೂಸಿ ನೋಡಿ, ನಾಚಿಕೆ ಪಡಬೇಡಿ. ತಾತ, ಟ್ರಂಕು, ಕೆಜಿಎಫ್ ಅಂತ ಕಥೆ ಶುರುವಾದರೆ ಕಥೆ ಕೇಳುವುದಕ್ಕೆ ಬಂದಿಲ್ಲ ಅನ್ನಿ.

ಇನ್ನೊಂದು ವಿಷಯ, ಇದಕ್ಕೇ ಇವತ್ತು ಅವಸರದಲ್ಲಿ ಬರೆಯುತ್ತಿರುವುದು. ನಿನ್ನೆ ಬೇರೆ ನಂಬರಿನಿಂದ, ಬೇರೆ ಹೆಸರಿನಲ್ಲಿ ಹೊಸ ಮಾಲು ಬಂದಿದೆ. ಸಿಕ್ಸ್ ಮಿಲಿಯನ್ ಡಾಲರ್ ಮ್ಯಾನ್, ಲೀ ಮೇಜರ್ಸ್‌ನ ಆ ಸೀರಿಯಲ್ಲಿನ ಕಾಮಿಕ್ಸ್, 1976ರಲ್ಲಿ ಚಾರ್ಲ್ಟನ್‌ನವರು ಶುರು ಮಾಡಿದ್ದು. ಚಾರ್ಲ್ಟನ್‌ನವರ ಅಚ್ಚು ಮೊದಲಿಂದಲೂ ಕಳಪೆ ಅಂತ ಹೆಸರುವಾಸಿ, ಹಾಗಾಗಿ ಬಣ್ಣ ಕಲಸಿಹೋಗಿದೆ ಅಂದರೆ "ಆಗಿನ ಪ್ರಿಂಟೇ ಹಂಗೆ ಅಣ್ಣ" ಅನ್ನುವುದಕ್ಕೆ ಅವನಿಗೆ ಇನ್ನೂ ಸಲೀಸು. ಈ ಸಲ ಚಿಕ್ಕಬಳ್ಳಾಪುರದವನಂತೆ, ಚಿಕ್ಕಪ್ಪ ಹಡಗಿನಲ್ಲಿ ಕೆಲಸದಲ್ಲಿದ್ದರಂತೆ. ಫೋಟೋದಲ್ಲಿ ಪುಸ್ತಕದ ಕೆಳಗೆ ನವಿಲಿನ ಚಿತ್ರದ ಹಸಿರು ಬೆಡ್‌ಶೀಟ್ ಇದೆ, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಗುರುತು. ನನಗೆ ಕಳಿಸಿದ್ದ ಫೋಟೋದಲ್ಲೂ ಅದೇ ಬೆಡ್‌ಶೀಟ್, ಅದೇ ಸುಟ್ಟ ಗುರುತು. ಭಾನುವಾರ ಚಿಕ್ಕಬಳ್ಳಾಪುರ ಬಸ್ ಸ್ಟ್ಯಾಂಡ್ ಹತ್ತಿರ ಕೊಡುತ್ತೇನೆ ಅಂದಿದ್ದಾನೆ. ಆ ಕಡೆಯ ಯಾರಾದರೂ ಅಡ್ವಾನ್ಸ್ ಹಾಕಿದ್ದರೆ ನನಗೆ ಮೆಸೇಜ್ ಮಾಡಿ, ನಾನೂ ಬರುತ್ತೇನೆ.