ಗದ್ದೆಯ ಮಾಹಿತಿಗೆ ರೇಡಿಯೊವೋ, ಕಾಲ್ ಸೆಂಟರೋ, ಸ್ಮಾರ್ಟ್‌ಫೋನೋ?

ಮಂಡ್ಯದಲ್ಲಿ ಭತ್ತ ಬೆಳೆಯುವ ನಿಮ್ಮ ತಂದೆಗೆ ಯಾವುದು ಸರಿ ಅಂತ ಕೇಳಿದ್ರಿ. ಖರ್ಚು ನೋಡಿದರೆ ರೇಡಿಯೊ ಒಮ್ಮೆ ಕೊಂಡರೆ ಮುಗಿಯಿತು. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಆರಂಭಿಸಿದ ಮೈಸೂರು ಆಕಾಶವಾಣಿಯನ್ನು ಇವತ್ತಿಗೂ ನೀರು ಕಟ್ಟುತ್ತಲೇ ಕೇಳಬಹುದು. ಆದರೆ ಅದಕ್ಕೆ ತಿರುಗಿ ಪ್ರಶ್ನೆ ಹಾಕಲಾಗದು.

ಭತ್ತದ ಗರಿ ಸುರುಳಿ ಸುತ್ತಿ, ಒಳಗೆ ಹಸಿರು ಹುಳು ಕೆರೆದು ಬಿಳಿ ಗೆರೆ ಬಿದ್ದಿದ್ದರೆ ಕಾಯುವ ಹೊತ್ತಲ್ಲ. ಆಗ ಸರ್ಕಾರದ ರೈತ ಸಹಾಯವಾಣಿ ಕಿಸಾನ್ ಕಾಲ್ ಸೆಂಟರ್, 1800-180-1551: ಕರೆ ಉಚಿತ, ಕೀಪ್ಯಾಡ್ ಫೋನ್ ಸಾಕು, ಕನ್ನಡದಲ್ಲೇ ಉತ್ತರ. ಕಂಡದ್ದನ್ನು ಬಾಯಲ್ಲೇ ವಿವರಿಸಬೇಕು, ಅಷ್ಟೇ.

ಸ್ಮಾರ್ಟ್‌ಫೋನಿನಲ್ಲಿ ಫೋಟೊ ಕಳಿಸಬಹುದು, ಪಹಣಿಯನ್ನೂ ನೋಡಬಹುದು. ಡೇಟಾ ಖರ್ಚು ತಿಂಗಳು ತಿಂಗಳು. ಮನೆಯಲ್ಲಿ ಮೊಮ್ಮಕ್ಕಳಿದ್ದರೆ ಇದನ್ನೇ ಕೊಡಿಸಿ. ಒಬ್ಬರೇ ಇದ್ದು ಕಣ್ಣು ಮಂಜಾಗಿದ್ದರೆ ರೇಡಿಯೊ ತಂದು, ಆ ನಂಬರನ್ನು ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.